ಸಾಕು ಅಂದವರು ಯಾರು

ಎಂಜಿನ್ನಿನ ಸದ್ದು ಕೇಳಿಯೇ ಅದರ ಕಾಯಿಲೆ ಹೇಳಿಬಿಡುತ್ತಿದ್ದನಾದ್ದರಿಂದ ಅವನಿಗೆ ಕಿವಿಯಣ್ಣ ಎಂಬ ಹೆಸರು ಬಿದ್ದಿತ್ತು. ಕಾರು ಬಂದು ಗ್ಯಾರೇಜಿನ ಬಾಗಿಲಲ್ಲಿ ನಿಂತು, ಅದರ ಯಜಮಾನ ಇನ್ನೂ ಒಂದು ಕಾಲು ಕೆಳಗಿಡುವ ಮೊದಲೇ, "ವಾಲ್ವ್ ತಟ್ತಾ ಇದೆ, ಮೂರನೇದು" ಎಂದು ಒಳಗಿನಿಂದಲೇ ಕೂಗುವವನು ಅವನು. ಬಹಳ ಸಲ ಅದು ನಿಜವೇ ಆಗಿರುತ್ತಿತ್ತು. ನಿಜವಾಗದ ಸಲಗಳನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಅವನಂತೂ ಇಟ್ಟುಕೊಳ್ಳಲೇ ಇಲ್ಲ.

ಗ್ಯಾರೇಜು ಒಂದು ಓಣಿಯ ಕೊನೆಯಲ್ಲಿತ್ತು. ಪಕ್ಕದಲ್ಲಿ ಟೈರು ಅಂಗಡಿ. ಮುಂದಿನ ದೊಡ್ಡ ಜಾಗ ಕಿವಿಯಣ್ಣನದು: ಎಂಜಿನ್ ಎತ್ತುವ ಸರಪಳಿ, ಎಣ್ಣೆ ಕುಡಿದು ಕಪ್ಪಾದ ಮರದ ಮೇಜು, ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಹಿಂದೆ ಗಾಜಿನ ಬಾಗಿಲಿನ ಪುಟ್ಟ ಕೋಣೆ ಅವನ ತಂಗಿಯದು. ಅಲ್ಲಿ ಬಣ್ಣಬಣ್ಣದ ವೈರಿನ ಸುರುಳಿಗಳು, ಬೆಸುಗೆಯ ವಾಸನೆ, ಒಂದು ಲ್ಯಾಪ್‌ಟಾಪ್. ಎಣ್ಣೆ ಮೆತ್ತಿದ ಕೈಯಲ್ಲಿ ಅಲ್ಲಿನ ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ, ಅಣ್ಣನೇ ಆಗಿದ್ದರೂ.

ಅಪ್ಪ ತೀರಿಕೊಂಡಾಗ ಅವಳಿನ್ನೂ ಎರಡು ಜಡೆಯ ಶಾಲೆ ಹುಡುಗಿ. ಓದಿಸಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಮೋಟಾರಿನ ಕಾಯಿಲ್ ಸುತ್ತುವ ಕೆಲಸ ಕಲಿಯುತ್ತೇನೆಂದಾಗ ನೆಂಟರ ಬಾಯಿ ಮುಚ್ಚಿಸಿದ್ದು, ಎಲ್ಲ ಅಣ್ಣನೇ. ಅವಳಿಗೆ ಅವನೆಂದರೆ ಅರ್ಧ ಅಪ್ಪ. ಮಹಡಿಯ ಮೇಲೆ ಅವಳ ಕೋಣೆ, ಕೆಳಗೆ ಅಣ್ಣ ಅತ್ತಿಗೆಯ ಮನೆ, ಊಟ ಒಟ್ಟಿಗೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೂ ಹಾವು ಮುಂಗುಸಿಯಂತೆ ಕಿತ್ತಾಡಿದರೂ ಊಟದ ಹೊತ್ತಿಗೆ ಒಂದಾಗುತ್ತಿದ್ದರು.

ಬೇಕರಿ ಮೇಡಂ ಅಲ್ಲಿಗೆ ಬಂದದ್ದು ಒಂದು ಹಳೆಯ ಪುಟ್ಟ ಕಾರಿನಲ್ಲಿ. ಮಾರುಕಟ್ಟೆಯ ಮೂಲೆಯ ಬ್ರೆಡ್ಡಿನ ಅಂಗಡಿ ಆಕೆಯದು. ಗುಡ್ಡದ ರಸ್ತೆಯನ್ನು ಮುಚ್ಚಿಸಿ, ಕಾರುಗಳನ್ನು ಒಂದೊಂದಾಗಿ ಬಿಟ್ಟು, ಯಾರು ಬೇಗ ತುದಿ ಮುಟ್ಟುತ್ತಾರೆಂದು ನೋಡುವ ಸ್ಪರ್ಧೆಯಲ್ಲಿ ಆಕೆ ಪ್ರತಿವರ್ಷ ಭಾಗವಹಿಸುತ್ತಿದ್ದರು, ಪ್ರತಿವರ್ಷ ಕೊನೆಯವರಾಗುತ್ತಿದ್ದರು.

"ನೋಡಿ ಮೇಸ್ತ್ರಿ, ದಿನಾ ಬೆಳಗಾಗೋ ಮುಂಚೆ ಎದ್ದು ಹಿಟ್ಟಿನ ಜೊತೆ ಗುದ್ದಾಡೋಳು ನಾನು. ಭಾನುವಾರ ಒಂದಿನ ಬೇರೆ ಯಾವುದ್ರ ಜೊತೆಗಾದ್ರೂ ಗುದ್ದಾಡ್ಬೇಕು ಅನ್ಸುತ್ತೆ. ಗೆಲ್ಲಿಸಿ ಅಂತ ನಾನು ಕೇಳ್ತಿಲ್ಲ. ಗುಡ್ಡ ಹತ್ತೋವಾಗ ನನ್ನ ಕಾರು ಮುದುಕನ ಥರ ಏದುಸಿರು ಬಿಡ್ಬಾರ್ದು, ಅಷ್ಟೆ."

ಕಿವಿಯಣ್ಣ ಎಂಜಿನ್ ಇಳಿಸಿದ. ಗಟ್ಟಿ ಪಿಸ್ಟನ್ನು ಹಾಕಿದ, ತಲೆಯ ಭಾಗವನ್ನು ಉಜ್ಜಿ ನುಣುಪು ಮಾಡಿದ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಟರ್ಬೊ ಕೂರಿಸಿದ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಆದರೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಗಳಿಗೆಯಲ್ಲಿ ಕಿಡಿ ಹೊಡೆಯಬೇಕು ಎಂದು ಎಂಜಿನ್ನಿಗೆ ಹೇಳಿಕೊಡುವುದು ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕಂಪ್ಯೂಟರು. ಕಾರ್ಖಾನೆಯವರು ಅದಕ್ಕೆ ಕಲಿಸಿದ್ದು ಸಾಧು ಎಂಜಿನ್ನಿನ ಪಾಠ. ಸಾಧುವಿಗೆ ಟರ್ಬೊ ಕಟ್ಟಿದ ಮೇಲೆ ಹಳೆಯ ಪಾಠ ಸಾಲದು.

ತಂಗಿ ಎರಡು ಕಂಪ್ಯೂಟರುಗಳನ್ನು ಅಂಗಡಿಯಿಂದ ತರಿಸಿ ಮೇಜಿನ ಮೇಲಿಟ್ಟಳು. ಒಂದು ಹೆಬ್ಬೊತ್ತಿಗೆಯಷ್ಟು ದೊಡ್ಡದು. ಇನ್ನೊಂದು ಬೆಂಕಿಪೊಟ್ಟಣಕ್ಕಿಂತ ಕೊಂಚ ದಪ್ಪ.

"ದೊಡ್ಡದು ಹಾಕೋಣ ಅಣ್ಣ. ಹಳೇ ಕಂಪ್ಯೂಟರನ್ನ ಕಿತ್ತು ಬಿಸಾಕಿ, ಎಲ್ಲಾ ಇದಕ್ಕೇ ಒಪ್ಪಿಸೋದು. ಆಯಿಲ್ ಒತ್ತಡ ಇಳಿದ್ರೆ, ಪೆಟ್ರೋಲ್ ಸಾಲದೇ ಹೋದ್ರೆ, ತಾನಾಗೇ ಎಂಜಿನ್ ನಿಲ್ಸುತ್ತೆ. ವೈರಿಂಗ್ ಪೂರ್ತಿ ಹೊಸದಾಗಿ ಎಳೀಬೇಕು, ಎಳೀತೀನಿ ಬಿಡು. ಮ್ಯಾಪಿಂಗ್, ಅದೇ ಪೆಟ್ರೋಲ್ ಕಿಡಿ ಲೆಕ್ಕ ತುಂಬೋ ಕೆಲಸ, ನೀನು ಮಾಡು. ಹೆಂಗೂ ಅದ್ರ ಕ್ಲಾಸಿಗೆ ಹೋಗಿ ಬಂದಿದೀಯಲ್ಲ."

ಚಿಕ್ಕದು ಬೇರೆ ಜಾತಿಯ ಪೆಟ್ಟಿಗೆ. ಹಳೆಯ ಕಂಪ್ಯೂಟರನ್ನು ಹಾಗೆಯೇ ಬಿಟ್ಟು, ಅದಕ್ಕೂ ಎಂಜಿನ್ನಿಗೂ ನಡುವೆ ಕೂತು, ಅಲ್ಲಿಯ ಮಾತನ್ನು ಇಲ್ಲಿಗೆ ಸ್ವಲ್ಪ ತಿರುಚಿ ಹೇಳಿ, ಹೆಚ್ಚು ಪೆಟ್ರೋಲ್ ಬಿಡಿಸುವ ಚಾಡಿಕೋರ. ಅದರ ಬೆನ್ನ ಮೇಲೆ ತಿರುಗಿಸುವ ಪುಟ್ಟ ಸ್ಕ್ರೂಗಳಿದ್ದವು. ಲ್ಯಾಪ್‌ಟಾಪ್ ಬೇಕಿರಲಿಲ್ಲ. ತಿರುಗಿಸಬಹುದು, ಕೇಳಬಹುದು, ಮತ್ತೆ ತಿರುಗಿಸಬಹುದು. ಕಿವಿಯಣ್ಣನ ಕಣ್ಣು ನೆಟ್ಟದ್ದು ಅದರ ಮೇಲೆಯೇ.

ಕ್ಲಾಸಿನ ನಿಜ ಸಂಗತಿ ಅವನೊಬ್ಬನಿಗೇ ಗೊತ್ತಿತ್ತು. ಹಿಂದಿನ ವರ್ಷ ಅವನು ಅಲ್ಲಿಗೆ ಹೋದದ್ದು ನಿಜ. ಕಲಿಸುವವನು ಅವನನ್ನೇ ಮುಂದೆ ಕರೆದು ಪರದೆಯ ಮೇಲಿನ ಚೌಕಗಳಲ್ಲಿ ಸಂಖ್ಯೆ ತುಂಬಲು ಹೇಳಿದ್ದ. ಇವನು ಪೆಟ್ರೋಲಿನ ಸಂಖ್ಯೆಗಳನ್ನೆಲ್ಲ ಕಿಡಿಯ ಚೌಕಗಳಲ್ಲಿ ತುಂಬಿದ. ಗೋಡೆಯಗಲ ಮೂಡಿದ ಆ ತಪ್ಪನ್ನು ನೋಡಿ ಹಿಂದಿನ ಬೆಂಚಿನಿಂದ ಯಾರೋ, "ಯಜಮಾನ್ರೇ, ಅದಕ್ಕೆ ಸ್ಪ್ಯಾನರ್ ಹಾಕಿ ನೋಡಿ" ಎಂದರು. ಎಲ್ಲರೂ ನಕ್ಕರು. ಕಲಿಸುವವನೂ ನಕ್ಕ. ಊಟದ ಬಿಡುವಿನಲ್ಲಿ ಹೊರಬಿದ್ದ ಕಿವಿಯಣ್ಣ ಮತ್ತೆ ಒಳಗೆ ಹೋಗಲಿಲ್ಲ. ಉಳಿದ ದಿನಗಳಲ್ಲಿ ಮನೆಯಿಂದ ಹೊರಟು, ಪಾರ್ಕಿನ ಬೆಂಚಿನ ಮೇಲೆ ಕೂತು, ಸಂಜೆ ವಾಪಸಾಗುತ್ತಿದ್ದ. ಶುಲ್ಕ ಕಟ್ಟಿದವರಿಗೆಲ್ಲ ಅವರು ಸರ್ಟಿಫಿಕೇಟು ಕಳಿಸಿದರು. ಇವನಿಗೂ ಬಂತು. ತಂಗಿ ಅದಕ್ಕೆ ಕಟ್ಟು ಹಾಕಿಸಿ, ತಾನೇ ಮೊಳೆ ಹೊಡೆದು, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ತೂಗುಹಾಕಿದಳು.

ಹೀಗಿರುವಾಗ ದೊಡ್ಡದನ್ನು ಹಾಕುವುದೆಂದರೆ ಅವಳ ಎದುರಿಗೇ ಆ ಚೌಕಗಳ ಮುಂದೆ ಕೂರಬೇಕು.

ಮರುದಿನ ಬೆಳಿಗ್ಗೆ ಅವನು ತಂಗಿಗೆ, "ಬೇಕರಿ ಮೇಡಂಗೆ ಅಷ್ಟೆಲ್ಲಾ ಬೇಡ್ವಂತೆ. ಚಿಕ್ಕದೇ ಸಾಕು ಅಂದ್ರು" ಎಂದ.

"ನಾನೊಂದು ಮಾತಾಡಿ ನೋಡ್ಲಾ?"

"ಬೇಡ ಮಾರಾಯ್ತಿ. ಹೇಳೋಷ್ಟು ಹೇಳಿದೀನಿ. ಇನ್ನೂ ಹೇಳಿದ್ರೆ ಗಿರಾಕಿನ ಹೆದರಿಸಿ ಮಾಲು ಮಾರಿದ ಹಾಗಾಗುತ್ತೆ."

ಅದೇ ಸಂಜೆ ಬೇಕರಿ ಮೇಡಂ ಬಂದರು. "ಯಾವುದು ಒಳ್ಳೇದೋ ಅದನ್ನೇ ಹಾಕಿ ಮೇಸ್ತ್ರಿ, ನನ್ನದೇನೂ ತಕರಾರಿಲ್ಲ. ನಿಮ್ಮ ತಂಗಿ ಏನಂತಾರೆ? ಇಂಥ ವಿಷಯದಲ್ಲಿ ನಂಗೆ ಅವ್ರ ಮಾತೇ ಮಾತು."

"ಅವ್ಳೂ ಚಿಕ್ಕದೇ ಸಾಕು ಅಂದ್ಲು ಮೇಡಂ."

ಈ ಎರಡು ಮಾತುಗಳ ನಡುವೆ ಅವನು ಮಧ್ಯಾಹ್ನದ ಊಟ ಮಾಡಿದ್ದ. ತುತ್ತು ಸಲೀಸಾಗಿಯೇ ಗಂಟಲಿಳಿದಿತ್ತು.

ಮೊದಮೊದಲು ಕಾರು ಬಿಟ್ಟ ಬಾಣದ ಹಾಗೆ ಓಡಿತು. ಬೇಕರಿ ಮೇಡಂ ಒಂದು ಪೆಟ್ಟಿಗೆ ತುಂಬ ಬನ್ನು ತಂದುಕೊಟ್ಟು, "ಮೇಸ್ತ್ರಿ, ಇದು ನನ್ನ ಕಾರೇನಾ?" ಎಂದರು. ಅವನೂ ಮೀಸೆ ತಿರುವಿದ. ಆದರೆ ಹಳೆಯ ಕಂಪ್ಯೂಟರು ಒಳಗೊಳಗೇ ತನ್ನ ಕೆಲಸ ಮಾಡುತ್ತಿತ್ತು. ಯಾಕೋ ಪೆಟ್ರೋಲ್ ಹೆಚ್ಚಾಗುತ್ತಿದೆಯಲ್ಲ ಎಂದು ವಾರವಾರವೂ ಕೊಂಚಕೊಂಚ ಕಡಿಮೆ ಮಾಡುತ್ತ ಬಂತು. ಚಿಕ್ಕ ಪೆಟ್ಟಿಗೆಯ ಚಾಡಿ ಅದರ ಮುಂದೆ ನಡೆಯಲಿಲ್ಲ.

ಸ್ಪರ್ಧೆಗೆ ಮುಂಚಿನ ಅಭ್ಯಾಸದ ದಿನ ಅಣ್ಣ ತಂಗಿ ಇಬ್ಬರೂ ಗುಡ್ಡದ ಬುಡದಲ್ಲಿ ಸಾಮಾನು ಹರಡಿಕೊಂಡು ನಿಂತಿದ್ದರು. ಮೊದಲ ಸುತ್ತಿನಲ್ಲಿ ಕಾರು ಎರಡನೇ ತಿರುವು ದಾಟಿ ಏರು ಹಿಡಿದಾಗ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದಂಥ ಸಣ್ಣ ಸದ್ದೊಂದು ಗಾಳಿಯಲ್ಲಿ ತೇಲಿಬಂತು. ಕಿವಿಯಣ್ಣ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ. ಪೆಟ್ರೋಲ್ ಸಾಲದೆ ಎಂಜಿನ್ ಒಳಗೇ ಸಿಡಿಯುವ ಸದ್ದು ಅದು. ಅವನಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

"ಏನೋ ಸದ್ದು ಬಂತಲ್ಲ ಅಣ್ಣ?" ತಂಗಿ ಕೇಳಿದಳು.

"ಏನಿಲ್ಲ. ಸೈಲೆನ್ಸರ್ ತಗಡು ಸಡಿಲ ಆಗಿರ್ಬೇಕು."

ಕಾರು ಕೆಳಗಿಳಿದು ಬಂದಾಗ ಅವನು ಬಾನೆಟ್ಟಿನೊಳಗೆ ತಲೆ ಹಾಕಿ, ಯಾರಿಗೂ ಕಾಣದ ಹಾಗೆ ಚಿಕ್ಕ ಪೆಟ್ಟಿಗೆಯ ಸ್ಕ್ರೂವನ್ನು ಒಂದಿಷ್ಟು ತಿರುವಿದ. ಬೇಡ ಮೇಡಂ, ಇವತ್ತಿಗೆ ನಿಲ್ಲಿಸಿ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಹಾಗೆಂದರೆ ತಂಗಿ ಯಾಕೆ ಎನ್ನುತ್ತಾಳೆ. ಆ 'ಯಾಕೆ'ಗೆ ಉತ್ತರ ಹೇಳುವುದಕ್ಕಿಂತ ಇನ್ನೊಂದು ಸುತ್ತು ಬಿಡುವುದು ಹಗುರವೆನಿಸಿತು.

ಎರಡನೇ ಸುತ್ತಿನಲ್ಲಿ ಸದ್ದು ಕೇಳಲು ಕಿವಿಯಣ್ಣನೇ ಬೇಕಿರಲಿಲ್ಲ. ಗುಡ್ಡದ ಮೇಲೆ ಢಂ ಎಂದದ್ದು ಬುಡದಲ್ಲಿದ್ದವರಿಗೆಲ್ಲ ಕೇಳಿಸಿತು. ಎಂಜಿನ್ನಿನಿಂದ ಚಿಮ್ಮಿದ ಎಣ್ಣೆ ಚಕ್ರಕ್ಕೆ ಬಿದ್ದು, ಕಾರು ಗರಗರ ತಿರುಗಿ, ಅಂಚಿನಲ್ಲಿ ಪೇರಿಸಿಟ್ಟ ಟೈರುಗಳಿಗೆ ಹೊಡೆದು ನಿಂತಿತು. ಬೇಕರಿ ಮೇಡಂ ತಾವೇ ಇಳಿದು ಬಂದರು. ಆದರೆ ಬಲಗೈಯನ್ನು ಎಡಗೈಯಲ್ಲಿ ಮಗುವಿನ ಹಾಗೆ ಎತ್ತಿಕೊಂಡಿದ್ದರು. ಮಣಿಕಟ್ಟು ಮುರಿದಿತ್ತು.

ಗ್ಯಾರೇಜಿಗೆ ಎಳೆದು ತಂದ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿದಾಗ ಅದರ ತುದಿ ಬೂದಿಯಂತೆ ಬೆಳ್ಳಗಿತ್ತು, ಮೇಲೆ ಕರಗಿದ ಲೋಹದ ಚುಕ್ಕೆಗಳು. ಪಿಸ್ಟನ್ನಿನ ತಲೆಯಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಕಿವಿಯಣ್ಣ ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಕೆಳಗಿಟ್ಟ.

ತಂಗಿ ಮಾತ್ರ ತನ್ನ ವೈರನ್ನೇ ಅನುಮಾನಿಸಿದಳು. ಪೆಟ್ರೋಲ್ ಬಿಡುವ ವೈರು ಎಲ್ಲೋ ಸಡಿಲವಾಗಿ ಹೀಗಾಯಿತೇನೋ ಎಂದು, ತಾನೇ ಅಚ್ಚುಕಟ್ಟಾಗಿ ಸುತ್ತಿದ್ದ ಟೇಪನ್ನೆಲ್ಲ ಬಿಚ್ಚಿ, ಒಂದೊಂದೇ ಎಳೆಯನ್ನು ಮೀಟರಿಗೆ ಹಿಡಿದು ನೋಡತೊಡಗಿದಳು. ಗಾಜಿನಾಚೆ ಅವಳ ಬಾಗಿದ ಬೆನ್ನು ಇವನಿಗೆ ಕಾಣುತ್ತಿತ್ತು. ಇಲ್ಲದ ತಪ್ಪನ್ನು ಅವಳು ಹುಡುಕುತ್ತಿದ್ದಾಳೆ. ಅದು ಎಲ್ಲಿದೆಯೆಂದು ಗೊತ್ತಿದ್ದೂ ಇವನು ಸ್ಪ್ಯಾನರ್ ಒರೆಸುತ್ತಿದ್ದಾನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಾನೆ.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಬೇಕರಿ ಮೇಡಂ ಒಂದು ಮಧ್ಯಾಹ್ನ ಬಂದು ಸ್ಟೂಲಿನ ಮೇಲೆ ಕೂತರು.

"ಜಗಳಕ್ಕೆ ಬಂದಿಲ್ಲಪ್ಪ ನಾನು. ಯಾಕೆ ಹೀಗಾಯ್ತು ಅಂತ ತಿಳ್ಕೊಂಡು ಹೋಗೋಣ ಅಂತ ಬಂದೆ, ಅಷ್ಟೆ."

ತಂಗಿ ಎದುರಿಗೆ ನಿಂತು ವಿವರಿಸಿದಳು. "ವೈರೆಲ್ಲಾ ನೋಡಿದೆ ಅಕ್ಕ, ಸರಿಯಾಗೇ ಇದೆ. ಮೇಲಿನ ವೇಗದಲ್ಲಿ ಪೆಟ್ರೋಲ್ ಸಾಲದೇ ಪಿಸ್ಟನ್ ಕರಗಿದೆ. ದೊಡ್ಡ ಕಂಪ್ಯೂಟರ್ ಇದ್ದಿದ್ರೆ ಅದಕ್ಕೆ ಮುಂಚೇನೇ ಎಂಜಿನ್ ನಿಲ್ಲಿಸಿರೋದು."

"ಹಾಗಾದ್ರೆ ನೀವ್ಯಾಕಮ್ಮ ಚಿಕ್ಕದೇ ಸಾಕು ಅಂದ್ರಿ?"

"ನಾನಾ?"

"ನೀವೇ ಅಂದ್ರಂತಲ್ಲ. ಮೇಸ್ತ್ರಿ ಹೇಳಿದ್ರು."

ತಂಗಿ ಅಣ್ಣನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ. ಅಲ್ಲೊಂದು ತುಕ್ಕು ಹಿಡಿದ ನಟ್ಟು ಬಿದ್ದಿತ್ತು. ಭೂಮಿಯ ಮೇಲೆ ನೋಡಲು ಬೇರೇನೂ ಇಲ್ಲವೆಂಬಂತೆ ಅದನ್ನೇ ದಿಟ್ಟಿಸಿದ. ಈಗ ಬಾಯಿ ಬಿಡಬೇಕು ಎಂದುಕೊಂಡ. ಈಗ.

"ಹೂಂ ಅಕ್ಕ," ತಂಗಿಯ ದನಿ ಕೇಳಿಸಿತು. "ನಾನೇ ಅಂದಿದ್ದೆ. ನನ್ನ ಅಂದಾಜು ತಪ್ಪಾಯ್ತು."

ಬೇಕರಿ ಮೇಡಂ "ನಿಮ್ಮನ್ನ ಬಹಳ ನಂಬಿದ್ದೆ ಕಣಮ್ಮ" ಎಂದು ಎದ್ದರು. ಬಾಗಿಲ ಹತ್ತಿರ ನಿಂತು, ಮೆತ್ತಗಿನ ದನಿಯಲ್ಲಿ, "ಮೇಸ್ತ್ರಿ, ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ. ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದರು. ಆಕೆ ಎಡಗೈಯಲ್ಲಿ ಕೆನ್ನೆಗೆ ಬಾರಿಸಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ.

ಅವನು ಗಾಜಿನ ಕೋಣೆಯ ಬಾಗಿಲಿಗೆ ಹೋಗಿ, "ಪುಟ್ಟಿ..." ಎಂದ.

"ಕೆಲಸ ಇದೆ ಅಣ್ಣ" ಎಂದಳು ಅವಳು, ತಲೆಯೆತ್ತದೆ.

ಅಂದಿನಿಂದ ಅವಳು ಕೆಲಸದ ಮಾತು ಬಿಟ್ಟರೆ ಬೇರೆ ಆಡಲಿಲ್ಲ. ಊಟಕ್ಕೂ ಕೆಳಗಿಳಿಯಲಿಲ್ಲ. ಹೆಂಡತಿ ಕೇಳಿದಾಗ ಅವನು ಅವಳಿಗೆ ತಲೆನೋವಂತೆ ಎಂದ.

"ತಲೆನೋವು ನಾದಿನಿಗೆ, ಮುಖ ಕಪ್ಪಿಟ್ಟಿರೋದು ನಿಮ್ದು" ಎಂದಳು ಹೆಂಡತಿ. "ಏನು ನಡೀತು ಅಂತ ನಾನು ಕೇಳಲ್ಲ. ಆದ್ರೆ ಟೈರು ಅಂಗಡಿಯವನು ಬಂದೋರ ಹತ್ರ ಎಲ್ಲಾ ಹೇಳ್ತಿದಾನೆ, ಆ ಹುಡುಗಿ ಮಾಡಿದ ತಪ್ಪಿಗೆ ಆಯಮ್ಮನ ಕೈ ಮುರೀತು ಅಂತ. ನಿಮ್ಮ ಕಿವಿಗೆ ಇದು ಮಾತ್ರ ಬಿದ್ದಿಲ್ವಾ?"

ಬಿದ್ದಿತ್ತು. ಅಷ್ಟೇ ಅಲ್ಲ. ತನ್ನ ವ್ಯಾನುಗಳ ವೈರಿಂಗನ್ನೆಲ್ಲ ತಂಗಿಯಿಂದಲೇ ಮಾಡಿಸುತ್ತಿದ್ದ ಶಾಲಾ ವ್ಯಾನಿನವನು ಆ ದಿನವೇ ಬಂದು, ಗಾಜಿನ ಕೋಣೆಯ ಕಡೆ ಕಣ್ಣಲ್ಲೇ ತೋರಿಸಿ, "ಬೇಜಾರು ಮಾಡ್ಕೋಬೇಡಿ, ಈ ಸಲ ವೈರಿಂಗ್ ಬೇರೆ ಕಡೆ ಮಾಡಿಸ್ತೀನಿ. ಮಕ್ಕಳು ಓಡಾಡೋ ಗಾಡಿ ನೋಡಿ" ಎಂದು ಪಿಸುಗುಟ್ಟಿದ್ದ. ಕಿವಿಯಣ್ಣ ಆಗಲೂ ತಲೆಯಾಡಿಸಿದ್ದ. ತಲೆಯಾಡಿಸಿದ್ದು ಯಾಕೆಂದು ಅವನಿಗೇ ತಿಳಿಯಲಿಲ್ಲ. ತಿರುಗಿ ನೋಡಿದರೆ ಗಾಜಿನ ಬಾಗಿಲು ಅರ್ಧ ತೆರೆದಿತ್ತು.

ಮರುದಿನ ಅವನು ಕೈ ತೊಳೆದು, ಬಟ್ಟೆ ಬದಲಿಸಿ, ಬೇಕರಿಗೆ ಹೊರಟ. ಅಂಗಡಿಯಲ್ಲಿ ಜನರ ಸಾಲಿತ್ತು. ಒಲೆಯ ಕಡೆಯಿಂದ ಬಿಸಿ ಗಾಳಿ ಬರುತ್ತಿತ್ತು. ಹಿಟ್ಟು ನಾದಲು ಹೊಸಬನೊಬ್ಬನನ್ನು ಇಟ್ಟುಕೊಂಡಿದ್ದ ಮೇಡಂ ಅವನಿಗೆ ಗದರುತ್ತ, ಒಂದೇ ಕೈಯಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಸಾಲು ಕರಗಿ ಇವನ ಸರದಿ ಬಂತು.

"ಏನ್ ಕೊಡ್ಲಿ ಮೇಸ್ತ್ರಿ?"

"ಒಂದು ಬ್ರೆಡ್" ಎಂದ ಕಿವಿಯಣ್ಣ.

ಬ್ರೆಡ್ ಹಿಡಿದು ಹೊರಗೆ ಬಂದು ಕಂಬಕ್ಕೊರಗಿ ನಿಂತ. ಇಷ್ಟು ವಯಸ್ಸಾಯಿತು, ಮೀಸೆ ನೆರೆಯಿತು, ಬ್ರೆಡ್ ಕೊಂಡುಕೊಂಡು ಓಡಿಬಂದೆನಲ್ಲ ಎಂದು ತನಗೆ ತಾನೇ ಛೀಮಾರಿ ಹಾಕಿಕೊಂಡ. ಮತ್ತೆ ಹೋಗಿ ಸಾಲಿನ ಕೊನೆಗೆ ನಿಂತ.

"ಮತ್ತೆ ಬಂದ್ರಾ? ಬ್ರೆಡ್ ಸರಿ ಇಲ್ವಾ?"

"ಬ್ರೆಡ್ ಸರಿಯಾಗಿದೆ ಮೇಡಂ. ಅವತ್ತು ಚಿಕ್ಕದು ಸಾಕು ಅಂದಿದ್ದು ನನ್ನ ತಂಗಿ ಅಲ್ಲ. ಅವ್ಳು ದೊಡ್ಡದೇ ಹಾಕ್ಬೇಕು ಅಂತ ಹಟ ಹಿಡಿದಿದ್ಲು. ನೀವು ಚಿಕ್ಕದು ಸಾಕು ಅಂದ್ರಿ ಅಂತ ಅವಳಿಗೆ ಹೇಳ್ದೆ. ಅವ್ಳು ಸಾಕು ಅಂದ್ಲು ಅಂತ ನಿಮಗೆ ಹೇಳ್ದೆ. ಎರಡೂ ಸುಳ್ಳು."

ಪೊಟ್ಟಣ ಕಟ್ಟುತ್ತಿದ್ದ ಕೈ ನಿಂತಿತು. "ಅವ್ರೇ ಒಪ್ಕೊಂಡ್ರಲ್ಲ, ನನ್ನ ಎದುರಿಗೆ?"

"ನನ್ನ ಮಾನ ಉಳಿಸೋಕೆ."

"ಚಿಕ್ಕದೇ ಯಾಕ್ರೀ ಬೇಕಿತ್ತು ನಿಮಗೆ?"

ಹಿಂದೆ ನಿಂತವರ ಉಸಿರು ಅವನ ಕುತ್ತಿಗೆಗೆ ತಾಗುತ್ತಿತ್ತು. "ದೊಡ್ಡದು ನಂಗೆ ಬರಲ್ಲ ಮೇಡಂ," ಎಂದ. "ಆ ಚೌಕಗಳು, ಆ ಸಂಖ್ಯೆ, ಒಂದೂ ತಲೆಗೆ ಹತ್ತಲ್ಲ. ಅದನ್ನ ಹೇಳ್ಕೊಳ್ಳೋಕೆ ಆಗ್ಲಿಲ್ಲ. ಆ ದಿನ ಮೊದಲನೇ ಸುತ್ತಲ್ಲೇ ಸದ್ದು ಕೇಳಿಸ್ತು. ಆಗ್ಲೂ ನಿಮ್ಮನ್ನ ತಡೀಲಿಲ್ಲ."

ಕೊನೆಯ ಮಾತನ್ನು ಹೇಳಬೇಕೆಂದು ಅವನು ಬಂದಿರಲಿಲ್ಲ. ಅದು ತಾನಾಗಿ ಬಂತು. ಬೇಕರಿ ಮೇಡಂ ಮುಖ ಕೆಂಪಾಯಿತು.

"ನಂಗೆ ಬರಲ್ಲ ಅಂತ ನೀವು ಅವತ್ತೇ ಅಂದಿದ್ರೆ ನಾನೇನು ಮಾಡ್ತಿದ್ದೆ ಗೊತ್ತಾ? ಬರೋರನ್ನ ಕರೆಸಿ ಅಂತಿದ್ದೆ. ಮುಗೀತು. ಈ ಕೈಯಲ್ಲಿ ಚಮಚ ಎತ್ತೋಕಾಗಲ್ಲ ನಂಗೆ ಈಗ." ಆಕೆ ಉಸಿರೆಳೆದುಕೊಂಡರು. "ಇಬ್ರೂ ಸೇರಿ ನನ್ನ ಮುಂದೆ ಸುಳ್ಳು ಹೇಳಿದ್ರಿ. ಅವ್ರದ್ದೂ ತಪ್ಪೇ. ಹೋಗಿ ಈಗ. ನಾಳೆ ನಾಡಿದ್ರಲ್ಲಿ ಬರ್ತೀನಿ."

"ಸ್ವಲ್ಪ ಬೇಗ ಆಗ್ಲಿ ಯಜಮಾನ್ರೇ, ಮನೇಲಿ ಮಕ್ಕಳು ಕಾಯ್ತಿವೆ" ಎಂದರು ಹಿಂದಿನವರು.

ತಂಗಿ ಇದನ್ನು ಕೇಳಿ ಹಗುರಾಗುತ್ತಾಳೆಂದು ಅವನು ದಾರಿಯುದ್ದಕ್ಕೂ ಅಂದುಕೊಂಡಿದ್ದ. ಅವಳು ಕೈಯಲ್ಲಿದ್ದ ಕಟ್ಟರನ್ನು ಮೇಜಿನ ಮೇಲೆ ಕುಕ್ಕಿದಳು.

"ನನ್ನ ಒಂದು ಮಾತು ಕೇಳಿ ಹೋಗೋಕೆ ಏನಾಗಿತ್ತು ನಿನಗೆ? ಮೊದ್ಲು ನಿನ್ನ ಸುಳ್ಳಿಗೆ ನನ್ನ ಹೆಸರು ಹಾಕ್ದೆ. ಈಗ ನಿನ್ನ ನಿಜಕ್ಕೂ ನಂದೇ ಹೆಸರು. ಆಯಮ್ಮನ ಕಣ್ಣಲ್ಲಿ ನಾನು ಕೆಲಸ ಬರದೋಳಾಗಿದ್ದೆ, ಈಗ ಸುಳ್ಳಿಯೂ ಆದೆ."

"ನೀನ್ಯಾಕೆ ಒಪ್ಕೊಂಡೆ ಪುಟ್ಟಿ?"

ಅವಳು ತಡೆದು ತಡೆದು ಹೇಳಿದಳು. "ಅವತ್ತು ನೆಲ ನೋಡ್ತಾ ನಿಂತಿದ್ದೆಯಲ್ಲ ನೀನು, ಅದನ್ನ ನೋಡೋಕಾಗ್ಲಿಲ್ಲ ನಂಗೆ. ಅದಕ್ಕೇ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆ ವ್ಯಾನಿನವನು ಬಂದ ದಿನಾನೂ ಕಾದೆ. ಇವತ್ತಾದ್ರೂ ಅಣ್ಣ ಒಂದು ಮಾತು ಆಡ್ತಾನೆ ಅಂತ. ನೀನು ತಲೆ ಆಡಿಸ್ದೆ."

ಪಾರ್ಕಿನ ಬೆಂಚಿನ ಕಥೆಯನ್ನು ಆಗ ಹೇಳಿದ, ಮೊದಲಿಂದ ಕೊನೆಯವರೆಗೆ, ಸ್ಪ್ಯಾನರಿನ ಜೋಕನ್ನೂ ಬಿಡದೆ. ಅವಳು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊರಗೆ ಹೋಗಿ, ಸ್ಟೂಲು ಹತ್ತಿ, ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಇಳಿಸಿ, ಅದನ್ನು ಅವನ ಕೈಗೆ ಕೊಟ್ಟು ಮಹಡಿ ಹತ್ತಿದಳು.

ಬೇಕರಿ ಮೇಡಂ ಹೇಳಿದ ಹಾಗೆಯೇ ಬಂದರು. ಕಾರನ್ನು ಬೇರೆ ಕಡೆಗೆ ಒಯ್ಯುತ್ತಾರೆಂದು ಅಣ್ಣ ತಂಗಿ ಇಬ್ಬರೂ ಎಣಿಸಿದ್ದರು. ಆಕೆ ಒಯ್ಯಲಿಲ್ಲ. "ಎಂಜಿನ್ ಮೇಸ್ತ್ರಿ ಕಟ್ಲಿ. ಅದ್ರಲ್ಲಿ ನಂಗೆ ಅನುಮಾನ ಇಲ್ಲ. ಕಂಪ್ಯೂಟರ್ ಯಾವುದು ಅಂತ ನೀವು ಹೇಳ್ಬೇಕಮ್ಮ, ನನ್ನ ಮುಖ ನೋಡಿ ಹೇಳ್ಬೇಕು. ನಡುವೆ ಯಾರೂ ಬೇಡ" ಎಂದರು. ತಂಗಿ ಆಕೆಯ ಮುಖ ನೋಡಿಯೇ ಹೇಳಿದಳು. ದೊಡ್ಡದನ್ನು ಯಾಕೆ ಹಾಕಬೇಕು, ಅದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ, ತನಗೆ ಇನ್ನೂ ಏನು ಗೊತ್ತಿಲ್ಲ, ಎಲ್ಲ. ಕಿವಿಯಣ್ಣ ಅಷ್ಟು ದೂರದಲ್ಲಿ ಪಿಸ್ಟನ್ ಉಜ್ಜುತ್ತ ಕೇಳಿಸಿಕೊಂಡ. ತನಗೆ ಗೊತ್ತಿಲ್ಲ ಎಂಬುದನ್ನು ಅವಳು ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದು ಅವನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಮ್ಯಾಪಿಂಗನ್ನು ಅವಳೇ ಓದಿ ಕಲಿತಳು. ಒಂದು ದಿನ ಅವನನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅದು ಅಕ್ಕರೆಯಿಂದಲ್ಲ. ಕಾರನ್ನು ನಿಂತಲ್ಲೇ ಓಡಿಸಿ ಪರೀಕ್ಷಿಸುವ ಉರುಳೆಗಳ ಮೇಲೆ ಅದು ಓಡುವಾಗ ಒಬ್ಬರು ಸ್ಟೇರಿಂಗಿನಲ್ಲಿ, ಇನ್ನೊಬ್ಬರು ಪರದೆಯ ಮುಂದೆ ಇರಬೇಕಿತ್ತು. ಅವನು ತಪ್ಪು ಚೌಕಕ್ಕೆ ಬೆರಳಿಟ್ಟಾಗ "ಅದಲ್ಲ, ಪಕ್ಕದ್ದು" ಎನ್ನುತ್ತಿದ್ದಳು. ಅಷ್ಟೇ. ನಗುತ್ತಿರಲಿಲ್ಲ.

ಮುಂದಿನ ವರ್ಷದ ಸ್ಪರ್ಧೆಯಲ್ಲಿ ಬೇಕರಿ ಮೇಡಂ ಗೆಲ್ಲಲಿಲ್ಲ. ಆದರೆ ಕೊನೆಯವರೂ ಆಗಲಿಲ್ಲ. ದೊಡ್ಡ ದೊಡ್ಡ ಗ್ಯಾರೇಜುಗಳ ಕಾರುಗಳು ಅವರ ಹಿಂದೆ ಬಿದ್ದವು. ಕೆಳಗಿಳಿದು ಬಂದವರೇ ತಂಗಿಯನ್ನು ತಬ್ಬಿಕೊಂಡರು. ಕಿವಿಯಣ್ಣನಿಗೆ ತಲೆ ಬಾಗಿಸಿದರು. ಅದಕ್ಕಿಂತ ಹೆಚ್ಚಿನದನ್ನು ಅವನು ಬಯಸಿರಲೂ ಇಲ್ಲ.

ತಂಗಿ ವಾರಕ್ಕೆ ಕೆಲವು ದಿನ ಊಟಕ್ಕೆ ಕೆಳಗೆ ಬರತೊಡಗಿದಳು. ಅತ್ತಿಗೆಯ ಜೊತೆ ಹರಟುತ್ತಿದ್ದಳು. ಅವನ ಜೊತೆಗಿನ ಕಿತ್ತಾಟ ಮಾತ್ರ ಮೊದಲಿನ ಹಾಗೆ ಹಿಂತಿರುಗಲಿಲ್ಲ. ಅವಳು ಅವನೊಡನೆ ಸೌಜನ್ಯದಿಂದ ಮಾತಾಡುತ್ತಿದ್ದಳು. ಆ ಸೌಜನ್ಯ ಅವನನ್ನು ಸುಡುತ್ತಿತ್ತು.

ಅವನು ತಾನು ಕೆಡಿಸಿದ ಹೆಸರನ್ನು ತಾನೇ ಸರಿಮಾಡಬೇಕೆಂದು ಒಬ್ಬೊಬ್ಬರ ಬಳಿಗೂ ಹೋದ. ಟೈರು ಅಂಗಡಿಯವನು ಪೂರ್ತಿ ಕೇಳಿ, "ಅಯ್ಯೋ ಬಿಡಿ ಯಜಮಾನ್ರೇ, ನಂಗೆ ಅರ್ಥ ಆಗಲ್ವಾ? ತಂಗಿ ತಪ್ಪನ್ನ ಮೈಮೇಲೆ ಹಾಕ್ಕೊತಿದೀರ. ನಿಮ್ಮಂಥ ಅಣ್ಣಂದಿರು ಎಲ್ಲಿ ಸಿಗ್ತಾರೆ ಈ ಕಾಲದಲ್ಲಿ!" ಎಂದ. ಇವನು ಆಣೆ ಮಾಡಿದಷ್ಟೂ ಅವನು ಕೈಮುಗಿದ.

ಶಾಲಾ ವ್ಯಾನಿನವನ ಮನೆಗೂ ಹೋದ. ಅವನು ವ್ಯಾನು ತೊಳೆಯುತ್ತಿದ್ದ. ಎಲ್ಲವನ್ನೂ ಕೇಳಿ, ಕಣ್ಣಂಚು ಒದ್ದೆ ಮಾಡಿಕೊಂಡು, ಹೆಂಡತಿಯನ್ನು ಕೂಗಿ ಕರೆದ.

"ಬಾರೇ ಇಲ್ಲಿ. ನೋಡು, ಅಣ್ಣ ಅಂದ್ರೆ ಹೀಗಿರ್ಬೇಕು."

ಹೊಗಳಿಕೆ ಕಿವಿಯಣ್ಣನಿಗೆ ಹೊಸದಲ್ಲ. ಇಡೀ ಜೀವಮಾನ ಅದನ್ನು ತಿಂದು ಬೆಳೆದವನು ಅವನು. ಹೂಂ ಎಂದರೆ ಸಾಕಿತ್ತು, ಚಹಾ ಕುಡಿದು ಬರಬಹುದಿತ್ತು. ಆ ಹೆಂಗಸು ಆಗಲೇ ಅಡುಗೆಮನೆಯ ಕಡೆ ತಿರುಗಿದ್ದಳು.

"ಚಹಾ ಬೇಡಮ್ಮ" ಎಂದ ಅವನು. "ನೀವೂ ಬನ್ನಿ, ಇಲ್ಲೇ ಕೂತ್ಕೊಳ್ಳಿ. ನಾನು ಹೇಳಿದ್ದು ಸರಿಯಾಗಿ ಹೇಳ್ಲಿಲ್ಲ ಅನ್ಸುತ್ತೆ. ಮೊದಲಿಂದ ಇನ್ನೊಂದ್ಸಲ ಹೇಳ್ತೀನಿ."

ವ್ಯಾನಿನವನು ನಲ್ಲಿ ನಿಲ್ಲಿಸಿದ. ಕಿವಿಯಣ್ಣ ಮತ್ತೆ ಶುರುಮಾಡಿದ.